ಏಳನೆಯ ಮಗು

ಗುಬ್ಬಿ ಹಿಂದೆ ಮುಂದೆ ನೋಡದೆ ಓಡಿಹೋಗಿ ನಡುವೆ ನಿಂತಿದ್ದ ಹೆಂಗಸಿನ ಕೈ ಹಿಡಿದುಕೊಂಡಳು. ಪ್ರಾರ್ಥನಾ ಮಂದಿರದ ವರಾಂಡದಲ್ಲಿ ಮೂವರು ಸಾಲಾಗಿ ನಿಂತಿದ್ದರು. ಆಚೆಗೆ ಮಕ್ಕಳ ಮನೆಯ ಅಡುಗೆಯವಳು, ಈಚೆಗೆ ಬಟ್ಟೆ ಹೊಲಿಯುವವಳು, ನಡುವೆ ಬೆಳಿಗ್ಗೆಯೇ ಬಂದು ಗೇಟಿನ ಬಳಿ ನಿಂತು ‘ಈ ಮಗುವಿನ ಚಿಕ್ಕಮ್ಮ ನಾನು’ ಎಂದವಳು. ಭೂಕಂಪವಾದ ಮೇಲೆ ಯಾರಾದರೂ ಮಗುವನ್ನು ಕೇಳಿಕೊಂಡು ಬಂದರೆ ಮಕ್ಕಳ ಮನೆ ನಡೆಸುವ ಸಿಸ್ಟರ್ ಹೀಗೇ ಮೂವರನ್ನು ನಿಲ್ಲಿಸಿ, ಮಗು ಯಾರ ಕೈ ಹಿಡಿಯುತ್ತದೆಂದು ಪರೀಕ್ಷೆ ಮಾಡುತ್ತಿದ್ದರು. ಕಾಗದಪತ್ರಗಳೆಲ್ಲ ಮನೆಗಳ ಜೊತೆಗೇ ಮಣ್ಣುಪಾಲಾಗಿದ್ದವು. ಮಗುವಿಗಿಂತ ದೊಡ್ಡ ಸಾಕ್ಷಿಯನ್ನು ಇನ್ನೆಲ್ಲಿಂದ ತರುವುದು? ಅವರು ರಿಜಿಸ್ಟರು ತೆಗೆದು, ವಿಳಾಸ ಬರೆಸಿ, ಸಹಿ ಹಾಕಿಸಿಕೊಂಡರು. ಎರಡು ವಾರದಲ್ಲಿ ಹೀಗೆ ಹೊರಟದ್ದು ಇದು ಏಳನೆಯ ಮಗು.

ಸಿಸ್ಟರಿಗೆ ಉಸಿರಾಡಲೂ ಪುರಸೊತ್ತಿರಲಿಲ್ಲ. ನಲವತ್ತು ಮಕ್ಕಳಿಗೆಂದು ಕಟ್ಟಿದ ಮನೆಯಲ್ಲಿ ತೊಂಬತ್ತಮೂರು ಮಕ್ಕಳು. ಗೋಡೆಗಳು ಬಿರುಕು ಬಿಟ್ಟಿದ್ದರಿಂದ ಮಂಚಗಳೆಲ್ಲ ಆಟದ ಮೈದಾನಕ್ಕೆ ಬಂದು ಟಾರ್ಪಾಲಿನ ಕೆಳಗೆ ಕೂತಿದ್ದವು. ಮಂದಿರದ ಬೆಂಚುಗಳ ತುಂಬ ಹಾಲಿನ ಪುಡಿಯ ಡಬ್ಬಗಳು. ನೆಲ ಇನ್ನೂ ದಿನಕ್ಕೆರಡು ಸಲ ಮೈ ಕೊಡವುತ್ತಿತ್ತು, ಆಗೆಲ್ಲ ತೊಂಬತ್ತಮೂರೂ ಒಟ್ಟಿಗೆ ಕಿರುಚುತ್ತಿದ್ದವು. ಅದರ ಮೇಲೆ ಸರ್ಕಾರಿ ಅಧಿಕಾರಿಯ ಫೋನು ಬೇರೆ: ಮಧ್ಯಾಹ್ನದೊಳಗೆ ಇನ್ನೂ ಹನ್ನೆರಡು ಮಕ್ಕಳು ಬರುತ್ತಿದ್ದಾರೆ, ಮಕ್ಕಳ ಕಡೆಯವರು ಯಾರಾದರೂ ಬಂದರೆ ಇರುವವರನ್ನು ಬೇಗ ಬೇಗ ಸಾಗಹಾಕಿ ಎಂದು. ಸಾಗಹಾಕುವುದಕ್ಕೆ ಇವೇನು ಸಿಮೆಂಟಿನ ಚೀಲಗಳೇ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡು ‘ಆಯ್ತು ಸರ್’ ಎಂದಿದ್ದರು. ಈಗ ಗುಬ್ಬಿ ಗೇಟು ದಾಟುವುದನ್ನು ನೋಡುತ್ತ, ಒಂದು ಮಂಚ ಖಾಲಿಯಾಯಿತಲ್ಲ ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು.

ಗುಬ್ಬಿಯ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷವಿರಬಹುದು, ಬಂದ ದಿನದಿಂದ ತುಟಿಪಿಟಕ್ಕೆಂದಿರಲಿಲ್ಲ. ತಟ್ಟೆಯಲ್ಲಿದ್ದುದನ್ನು ಚೂರುಚೂರೇ ಹೆಕ್ಕಿ ತಿನ್ನುವುದನ್ನು ಕಂಡು ಅಡುಗೆಯವಳು ಇಟ್ಟ ಹೆಸರು ಅದು. ಆ ಅಡುಗೆಯವಳು ಇನ್ನೂ ವರಾಂಡದಲ್ಲೇ ನಿಂತು ಕೈ ಹೊಸಕಿಕೊಳ್ಳುತ್ತಿದ್ದಳು. ಒಲೆ ಮೇಲಿಟ್ಟದ್ದು ಸೀದು ಹೋದೀತು, ಒಳಗೆ ನಡಿ ಎಂದು ಸಿಸ್ಟರ್ ಗದರಿದರೂ ಅಲ್ಲಾಡಲಿಲ್ಲ.

“ಒಂದು ಮಾತು ಸಿಸ್ಟರ್. ಬೈಬಾರದು.”

“ಬೇಗ ಹೇಳು.”

“ದಿನಾ ನೋಡೋ ಮುಖ ನಂದು. ನನ್ನ ಕೈ ಅವಳು ಯಾಕೆ ಹಿಡೀತಾಳೆ? ಹೊಸಬರು ಯಾರು ಬಂದ್ರೂ ಓಡಿಹೋಗಿ ಕೈ ಹಿಡ್ಕೋಬೇಕು ಅಂತ ನಾವೇ ತಾನೇ ಕಲಿಸಿರೋದು?”

ಭಾನುವಾರದ ಆರಾಧನೆ ಮುಗಿಸಿಕೊಂಡು ದಾನಿಗಳು ಬಂದಾಗ ಮಕ್ಕಳು ಮೂಲೆಯಲ್ಲಿ ಮುದುಡಿ ನಿಲ್ಲಬಾರದೆಂದು ಇಪ್ಪತ್ತು ವರ್ಷದ ಹಿಂದೆ ಸಿಸ್ಟರೇ ಹಾಕಿಕೊಟ್ಟ ರೂಢಿ. ಕೈ ಹಿಡಿದ ಮಗುವಿಗೆ ಬಿಸ್ಕತ್ತು ಸಿಗುತ್ತಿತ್ತು. ಈಗ ಪರಿಹಾರದವರು, ಫೋಟೋದವರು ಎಂದು ದಿನವೂ ಜನ ಬರುತ್ತಿದ್ದುದರಿಂದ ಹಳೆಯ ಮಕ್ಕಳು ಹೊಸ ಮಕ್ಕಳಿಗೆ ಮೊದಲ ದಿನವೇ ಈ ಪಾಠ ಹೇಳಿಕೊಟ್ಟುಬಿಡುತ್ತಿದ್ದರು. ಅಂಥ ಮಕ್ಕಳ ಎದುರು ಪರಿಚಯದ ಇಬ್ಬರ ನಡುವೆ ಹೊಸಬಳೊಬ್ಬಳನ್ನು ನಿಲ್ಲಿಸಿ, ನಿನ್ನವರು ಯಾರು ತೋರಿಸಮ್ಮ ಎಂದು ಕೇಳಿದ್ದಾಯಿತಲ್ಲ, ಎಂಥ ಬುದ್ಧಿವಂತಿಕೆ! ವಿಳಾಸ ಕೇಳಲು ಬಂದ ದಾರಿಹೋಕಳು ನಿಂತಿದ್ದರೂ ಪಾಸಾಗುತ್ತಿದ್ದಳು.

ರಿಜಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡೇ ಸಿಸ್ಟರ್ ಬಸ್ ನಿಲ್ದಾಣದ ಕಡೆಗೆ ಓಡಿದರು. ಅರವತ್ತು ದಾಟಿದ ಮೊಣಕಾಲು ಬೇಡ ಬೇಡವೆಂದರೂ ಕೇಳಲಿಲ್ಲ. ರಸ್ತೆಯ ತುಂಬ ಇಟ್ಟಿಗೆಯ ರಾಶಿ. ಎರಡು ಕಡೆ ಎಡವಿದರು. ಪುಣ್ಯಕ್ಕೆ ಬಸ್ಸು ಬಂದಿರಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಗುಬ್ಬಿಯನ್ನು ಕೂರಿಸಿಕೊಂಡು ಆ ಹೆಂಗಸು ಅವಳ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದಳು.

“ನಿಜ ಹೇಳಮ್ಮ. ನೀನು ಇವಳ ಚಿಕ್ಕಮ್ಮನಾ?”

ಹೆಂಗಸು ಓಡಲಿಲ್ಲ, ವಾದಕ್ಕೂ ಇಳಿಯಲಿಲ್ಲ. “ಅಲ್ಲ,” ಎಂದಳು. “ನನ್ನವಳಿಗೂ ನಾಲ್ಕೇ ವರ್ಷ. ಚಪ್ಪಡಿ ಕೆಳಗಿಂದ ತೆಗೆಯೋಕೆ ಒಂಬತ್ತು ದಿನ ಬೇಕಾಯ್ತು. ನಿಮ್ಮ ಗೇಟಿನ ಹತ್ರ ನಿಂತು ಮಕ್ಕಳನ್ನ ಒಂದಿಷ್ಟು ಹೊತ್ತು ನೋಡಿ ಹೋಗೋಣ ಅಂತ ಬಂದೆ ಅಷ್ಟೆ. ನೀವೇ ಬಂದು, ಯಾವ ಮಗು ಬೇಕಮ್ಮ ಅಂದ್ರಿ. ಇವಳು ಎದುರಿಗಿದ್ದಳು.”

ಕೆನ್ನೆಗೊಂದು ಬಾರಿಸಬೇಕು ಎನಿಸಿತು ಸಿಸ್ಟರಿಗೆ, ಆಕೆಯನ್ನು ತಬ್ಬಿಕೊಂಡು ಅತ್ತುಬಿಡಬೇಕು ಎಂದೂ ಎನಿಸಿತು. ನಾಳೆ ಇವಳ ತಾಯಿಯೇ ಬಂದು ನನ್ನ ಮುಂದೆ ನಿಂತರೆ ಏನು ಹೇಳಲಿ ಎಂದು ಕೇಳಿದರು. ಆ ಹೆಂಗಸು ಗುಬ್ಬಿಯ ಬೆರಳುಗಳನ್ನು ತನ್ನ ಕೈಯಿಂದ ಒಂದೊಂದಾಗಿ ಬಿಡಿಸಿ, ಮಗುವನ್ನೆತ್ತಿ ಸಿಸ್ಟರ ಸೊಂಟಕ್ಕೆ ದಾಟಿಸಿದಳು.

ಸಿಸ್ಟರ್ ಅಲ್ಲೇ ಕೂತು ರಿಜಿಸ್ಟರು ಬಿಚ್ಚಿದರು. ಇವಳಿಗಿಂತ ಮುಂಚೆ ಹೋದ ಆರು ಮಕ್ಕಳು, ಆರು ವಿಳಾಸ, ಆರು ಸಹಿ. ಆರೂ ಮಕ್ಕಳು ಹೀಗೇ ಓಡಿಹೋಗಿ ಕೈ ಹಿಡಿದಿದ್ದರು. ಆರು ಸಲವೂ ತಾವು ಕಣ್ಣೊರೆಸಿಕೊಂಡು ದೇವರಿಗೆ ಸ್ತೋತ್ರ ಹೇಳಿದ್ದರು. ಅಡುಗೆಯವಳಿಗೆ ಫೋನು ಮಾಡಿ, ಬರುವ ಹನ್ನೆರಡು ಮಕ್ಕಳನ್ನು ನೀನೇ ಇಳಿಸಿಕೋ, ನಾನು ಬರುವತನಕ ಯಾರು ಬಂದು ಕೇಳಿದರೂ ಒಂದು ಮಗುವನ್ನೂ ಕೊಡಬೇಡ ಎಂದರು. ಆಮೇಲೆ ಎದ್ದು, ಮೊದಲನೆಯ ವಿಳಾಸದ ಕಡೆಗೆ ಯಾವ ಬಸ್ಸು ಹೋಗುತ್ತದೆಂದು ಪಕ್ಕದವರನ್ನು ವಿಚಾರಿಸಿದರು.

“ನಾನೂ ಬರ್ತೀನಿ,” ಎಂದಳು ಹೆಂಗಸು.

“ನೀನ್ಯಾಕೆ? ಮಾಡಿದ್ದು ಸಾಲದಾ?”

“ಅವರು ಬಾಗಿಲಲ್ಲಿ ನಿಂತು ಏನು ಹೇಳಿದ್ರೂ ನೀವು ನಂಬಿಬಿಡ್ತೀರಿ ಸಿಸ್ಟರ್. ನನ್ನಂಥೋಳು ಯಾರಾದ್ರೂ ಇದ್ರೆ, ನಾನು ನೋಡಿದ ಕೂಡಲೇ ಗುರುತು ಹಿಡೀತೀನಿ.”