ಮುರುಗಪ್ಪ ತೋರಿಸಿದ ಸಮುದ್ರ

“ನಮ್ಮತ್ತೆ ಕೇಳಿದ್ರೆ ಇದು ಸಮುದ್ರ ಅನ್ರಿ. ಮಂಗಳೂರಿನ ಸಮುದ್ರ.”

ಪಕ್ಕದ ಬಂಡಿಯ ಪಾಲಯ್ಯ ಬಾಯಿಂದ ಬೇವಿನ ಕಡ್ಡಿ ತೆಗೆದ. ಮುರುಗಪ್ಪನನ್ನು ನೋಡಿದ. ಎದುರಿಗೆ ಹರಡಿದ್ದ ಮಾರಿಕಣಿವೆ ಕಟ್ಟೆಯ ನೀರನ್ನು ನೋಡಿದ.

“ಆಚೆ ದಡದ ಗುಡ್ಡ ಕಾಣ್ತವಲ್ಲ ಸ್ವಾಮಿ?”

“ಅವ್ರಿಗೆ ಕಾಣಲ್ಲ. ಕಣ್ಣಿಗೆ ಪೊರೆ ಬಂದೈತೆ.”

ಪಾಲಯ್ಯ ಒಪ್ಪಿದ. ಹೊಳಲ್ಕೆರೆಯ ಪೇಟೆಯಲ್ಲಿ ಎದುರಾದವರೆಲ್ಲ ಕೈಮುಗಿಯುವ ತಾನು, ಬೆಳಬೆಳಗ್ಗೆ ಗುರುತಿಲ್ಲದವನ ಮುಂದೆ ನಿಂತು ಸುಳ್ಳಿಗಾಗಿ ಅಂಗಲಾಚಿದೆನಲ್ಲ ಎಂದುಕೊಳ್ಳುತ್ತ ಮುರುಗಪ್ಪ ತನ್ನ ಬಂಡಿಗೆ ಮರಳಿದ.

ತಪ್ಪೆಲ್ಲ ಅವನ ಬಾಯಿಯದು. ಹೆಂಡತಿಯ ತಮ್ಮನ ಮದುವೆಯ ಪಂಕ್ತಿಯಲ್ಲಿ ಯಾರೋ ಸಮುದ್ರದ ಮಾತೆತ್ತಿದ್ದರು. “ನಾನು ನೋಡೀನಿ” ಎಂದುಬಿಟ್ಟ. ಪಡುವಣ ದಿಕ್ಕಿಗೆ ಅವನು ಚಿಕ್ಕಜಾಜೂರು ದಾಟಿದವನಲ್ಲ. ಹೇಗಿದೆ ಎಂದು ಕೇಳಿದವರಿಗೆ, “ಅದು ಹೇಳಾಕೆ ಬರಲ್ಲ” ಎಂದ. ಅದಾದರೂ ನಿಜವಾಗಿತ್ತು. ಎರಡನೆಯ ಹೋಳಿಗೆ ಬಿದ್ದ ಮೇಲೆ ಇನ್ನೂ ಉಬ್ಬಿ, ಅತ್ತೆ ಕೊಟ್ರಮ್ಮನ ಕಡೆ ತಿರುಗಿದ.

“ಕಣ್ಣು ಪೂರ್ತಿ ಮಂಜಾಗೋದ್ರೊಳಗೆ ನಿಮಗೂ ತೋರಿಸ್ತೀನಿ ಅತ್ತೆ.”

“ಆಗ್ಲಿ ಅಳಿಯಂದ್ರೆ,” ಎಂದಳು ಕೊಟ್ರಮ್ಮ. ಪಂಕ್ತಿಗೆ ಪಂಕ್ತಿಯೇ ಕೇಳಿಸಿಕೊಂಡಿತು.

ಮಂಗಳೂರಿಗೆ ಹೋಗಬೇಕಾದರೆ ಘಟ್ಟ ಇಳಿಯಬೇಕು. ಘಟ್ಟದಲ್ಲಿ ಹುಲಿ, ಚಳಿಜ್ವರ. ದಾರಿ ಕೇಳೋಣವೆಂದರೆ, ಹೋಗಿಬಂದವನು ದಾರಿ ಕೇಳುವುದು ಹೇಗೆ? ಆಗ ಹೊಳೆದದ್ದು ಮಾರಿಕಣಿವೆ. ಹೊಸ ಕಟ್ಟೆಯ ಹಿಂದೆ ನೀರು ನಿಂತ ಮೇಲೆ, ದುರ್ಗ ಹಿರಿಯೂರುಗಳ ಅನುಕೂಲಸ್ಥರು ಕಮಾನು ಬಂಡಿಗಳಲ್ಲಿ ಬಂದು, ದಡದಲ್ಲಿ ಎತ್ತು ಬಿಚ್ಚಿ, ಅಲ್ಲೇ ಅಡಿಗೆ ಮಾಡಿ, ಬಂಡಿಯಲ್ಲೇ ಮಲಗಿ ವಾರಗಟ್ಟಲೆ ಇರುವ ಹೊಸ ಖಯಾಲಿ ಶುರುವಾಗಿತ್ತು. ಗಾಳಿ ಬೀಸಿದರೆ ಅಲೆಯೂ ಏಳುತ್ತದಂತೆ.

ಮುರುಗಪ್ಪ ತನ್ನ ಬಂಡಿಗೂ ಬಿದಿರ ಕಮಾನು ಕಟ್ಟಿಸಿ, ಒಳಗೆ ಹುಲ್ಲಿನ ಮೆತ್ತೆ ಹಾಸಿದ. ಹೆಂಡತಿ ಸರ್ವಮಂಗಳೆಯನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಮಂಗಳೂರು ದೂರವೆನ್ನಿಸಲೆಂದು ಸಿಕ್ಕ ಸಿಕ್ಕ ಊರುಗಳನ್ನೆಲ್ಲ ಸುತ್ತಿಸಿದ.

ದುರ್ಗ ದಾಟಿದ ಮೇಲೆ ಕೊಟ್ರಮ್ಮ ಕೇಳಿದಳು: “ಅಳಿಯಂದ್ರೆ, ಮುಂಜಾನೆ ಬಿಸ್ಲು ಮುಖಕ್ಕೇ ಹೊಡೀತೈತಲ್ಲ?”

“ರಸ್ತೆ ತಿರುವೈತೆ ಅತ್ತೆ.”

ಆ ತಿರುವು ಹಿರಿಯೂರಿನವರೆಗೂ ಇತ್ತು. ಸರ್ವಮಂಗಳೆ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಳು. ಧೂಳು ಎಂದುಕೊಂಡ ಮುರುಗಪ್ಪ.

ಈಗ ದಡ ಸೇರಿಯಾಗಿತ್ತು. ಪಾಲಯ್ಯನ ಹೆಂಡತಿ ದ್ಯಾಮಮ್ಮ ಬಂದು ಕೊಟ್ರಮ್ಮನನ್ನು ಮಾತಿಗೆ ಕರೆದುಕೊಂಡು ಹೋದಳು. ಪಾಲಯ್ಯ ಮಾತು ಉಳಿಸಿಕೊಂಡನೆಂದೇ ಕಂಡಿತು. ಆದರೆ ಮಧ್ಯಾಹ್ನ ಕೊಟ್ರಮ್ಮ ಬಂಡಿಯೊಳಗೆ ನಿದ್ದೆಹೋಗಿದ್ದಾಗ, ಮುರುಗಪ್ಪ ಮಾತೇ ಆಡಿರದ ಕೊನೆಯ ಬಂಡಿಯ ಈರಬಸಪ್ಪ ತಾನಾಗಿ ಬಂದು ಅವನ ಬೆನ್ನು ಸವರಿದ.

“ಸಮುದ್ರ ನೋಡಾಕೆ ಬಂದ್ರಾ? ನೋಡ್ರಿ, ನೋಡ್ರಿ. ಭಾರೀ ಸಮುದ್ರ.”

“ಅವ್ರು ಮಲಗವ್ರೆ. ಈಗ ಹೇಳೋದೇನ್ ಬ್ಯಾಡ,” ಎಂದು ಮುರುಗಪ್ಪ ಪಿಸುಗುಟ್ಟಿದ. ಈರಬಸಪ್ಪ ಅರ್ಥವಾಗದವನಂತೆ ಮರುಕದಿಂದ ತಲೆಯಾಡಿಸಿ ಹೋದ. ಪಾಲಯ್ಯ ಎತ್ತಿನ ಮೈ ತಿಕ್ಕುವ ನೆವದಲ್ಲಿ ಅದರ ಬೆನ್ನಿಗೆ ಮುಖ ಒತ್ತಿಕೊಂಡಿದ್ದ. ಅವನ ಭುಜ ಕುಲುಕುತ್ತಿತ್ತು.

ಸಂಜೆ ಗಾಳಿ ಎದ್ದಿತು. ಮುರುಗಪ್ಪ ಅತ್ತೆಯನ್ನು ಕೈಹಿಡಿದು ನೀರಂಚಿಗೆ ಕರೆತಂದು ಬಂಡೆಯ ಮೇಲೆ ಕೂರಿಸಿದ. ಅವಳು ನೀರಿನಲ್ಲಿ ಕೈ ಅದ್ದಿದಳು.

“ಬಾಯಿಗೆ ಹಾಕ್ಬ್ಯಾಡ್ರಿ ಅತ್ತೆ. ಉಪ್ಪು!”

“ನೀವು ಹೇಳಿದ ಮ್ಯಾಲೆ ಹಾಕ್ತೀನಾ? ಯಾವ ಬಣ್ಣ ಐತೆ ಹೇಳ್ರಿ.”

ಮುರುಗಪ್ಪ ಆಗ ಮೊದಲ ಸಲ ಸರಿಯಾಗಿ ನೋಡಿದ. “ಅಂಚಿನಾಗೆ ಕೆಮ್ಮಣ್ಣಿನ ಬಣ್ಣ. ಆಮ್ಯಾಲೆ ಹಸಿರು. ಒಳಗೆ ಹೋದಂಗೆಲ್ಲ ನವಿಲಿನ ಕುತ್ತಿಗೆ ಇದ್ದಂಗೆ.”

“ಹಡಗು?”

ದೂರದಲ್ಲಿ ಮೀನಿನವನೊಬ್ಬ ಹರಿಗೋಲು ತಿರುಗಿಸುತ್ತಿದ್ದ. “ಒಂದೈತೆ,” ಎಂದ ಮುರುಗಪ್ಪ.

“ಎಷ್ಟು ಚೆಂದ ನೋಡ್ತೀರಿ ಅಳಿಯಂದ್ರೆ. ನಿಮ್ಮ ಮುಖದಾಗಿರೋ ಖುಷಿ ನನಗೆ ಮಾತಿನಾಗೇ ಕಾಣ್ತೈತೆ. ಅಷ್ಟು ಸಾಕು.”

ಮುರುಗಪ್ಪ ಅತ್ತೆಯ ಒದ್ದೆ ಕೈಯನ್ನು ತನ್ನ ಹೆಗಲ ವಸ್ತ್ರದಿಂದ ಒರೆಸಿದ. ಹೋಳಿಗೆಯ ಅಮಲಿನಲ್ಲಿ ಹುಟ್ಟಿದ ಸುಳ್ಳು, ಒಂದು ಮುದಿ ಜೀವದ ಕೊನೆಯ ಬೆಳಕನ್ನು ಹೀಗೆ ನುಂಗಿತಲ್ಲ. ಮಾನ ಹೋದರೆ ಹೋಗಲಿ. ಹೇಗೂ ಅದರಲ್ಲಿ ಬಹಳವೇನೂ ಉಳಿದಿರಲಿಲ್ಲ. ನಿಜ ಹೇಳಿ ಕಾಲಿಗೆ ಬೀಳುವುದೆಂದು ತೀರ್ಮಾನಿಸಿದ.

ಬೆಳಗ್ಗೆ ಮುಖ ತೊಳೆದು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಅತ್ತೆಯನ್ನು ಹುಡುಕುತ್ತ ಹೊರಟ. ಪಾಲಯ್ಯನ ಬಂಡಿಯ ಹಿಂದೆ ಹೆಂಗಸರು ಸುತ್ತ ಕೂತಿದ್ದರು. ನಡುವೆ ಕೊಟ್ರಮ್ಮ, ಅವಳ ಪಕ್ಕದಲ್ಲಿ ಸರ್ವಮಂಗಳೆ, ಮತ್ತೆ ಸೆರಗು ಬಾಯಿಗೊತ್ತಿಕೊಂಡು. ಅತ್ತೆಯ ದನಿ ಕೇಳಿ ಮುರುಗಪ್ಪ ನಿಂತ.

“ಮದುವೆಗೆ ಮುಂಚೆ ನಮ್ಮಪ್ಪ ಹತ್ತಿ ಹೇರ್ಕಂಡು ಹೋಗೋ ಬಂಡಿಯಾಗೆ ವರ್ಷಾ ವರ್ಷಾ ಹೊನ್ನಾವರದ ಸಮುದ್ರಕ್ಕೆ ಹೋಗ್ತಿದ್ದೋಳು ನಾನು. ಇದು ಕೆರೆ ಅಂತ ಬಂದ ಗಳಿಗೇಲೇ ಗೊತ್ತಾತು.”

“ಮತ್ತೆ ಅವ್ರಿಗೆ ಹೇಳ್ಬಾರ್ದೇನಮ್ಮ?” ಎಂದಿತು ಯಾವುದೋ ಹೆಣ್ಣುದನಿ.

“ಬ್ಯಾಡ್ರಮ್ಮ, ಪಾಪ! ನಮ್ಮ ಅಳಿಯಂದ್ರು ದುರ್ಗದಾಗೆ ದಾರಿ ತಪ್ಪಿ ಬಂದು, ಇದನ್ನೇ ಸಮುದ್ರ ಅಂತ ನಂಬ್ಕಂಡು ಕುಂತವ್ರೆ.”