ಸರಾಸರಿಗೆ ಒಂದು ಕೊಲೆ ಕಡಿಮೆ

ಪೊನ್ನವ್ವ ಗೋಡೆಯಿಂದ ಕೋವಿ ಇಳಿಸಿ ಹಿಡಿದಳು; ವಿಶ್ವ ಸರಾಸರಿ ಇಲಾಖೆಯ ರುದ್ರಮುನಿ ಬಗ್ಗಿ ಅದರ ನಂಬರು ಬರೆದುಕೊಂಡ. ವರ್ಷವರ್ಷವೂ ಬರುವ ಈ ತಪಾಸಣೆಗೆ ಕೊಡಗಿನಲ್ಲಿ ಈಗ ಯಾರೂ ಬೆಚ್ಚುತ್ತಿರಲಿಲ್ಲ.

"ನಿಮ್ಮೂರಾಗ ಮನಿಗೊಂದು ಕೋವಿ ಐತ್ರಿ. ಬ್ಯಾರೆ ದೇಶದ ಪಟ್ಟಿ ಪ್ರಕಾರ ಇಷ್ಟು ಕೋವಿಗೆ ವರ್ಷಕ್ಕ ಒಂದು ಕೊಲಿ ಆಗಬೇಕು. ಇಲ್ಲಿ ಒಂದೂ ಇಲ್ಲ."

"ಆಗದಿದ್ರೆ ಒಳ್ಳೇದಲ್ವಾ ಸಾರ್?"

"ಒಳ್ಳೇದ ಖರೆ. ಆದ್ರ ಲೆಕ್ಕ ಹೊಂದದಿದ್ರ, ಹೊಂದೋ ದೇಶಕ್ಕ ನಿಮ್ಮ ಕೋವಿ ಕಳಸ್ತಾರ್ರಿ."

ಅವಳು ಮಾವನ ಕಾಲದ ಆ ಕೋವಿಯನ್ನು ಎದೆಗೊತ್ತಿಕೊಂಡಳು.

ಅವನು ಹಾಳೆ ತಿರುವಿದ. "ಜನವರಿ ಹನ್ನೊಂದಕ್ಕ ಇಲ್ಲಿ ಎರಡು ಗುಂಡಿನ ಸಪ್ಪಳ. ಅವತ್ತ ನಿಮ್ಮ ಯಜಮಾನ್ರು ತೀರ್ಕೊಂಡಾರ."

"ಅವರು ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದು ಸಾರ್. ಸಾವಾಯ್ತು ಅಂತ ಊರಿಗೆ ತಿಳಿಸೋಕೆ ನಮ್ಮಲ್ಲಿ ಎರಡು ಗುಂಡು ಹಾರಿಸ್ತಾರೆ."

"ಮೊದಲ ಸಾವು, ಆಮ್ಯಾಲೆ ಗುಂಡಾ?" ರುದ್ರಮುನಿ ಹಣೆ ಉಜ್ಜಿಕೊಂಡ. "ಫಾರಮ್ಮಿನಾಗ ಗುಂಡು ಮೊದಲು ಐತಲ್ರಿ!"

ಅವನು ಫಾರಮ್ಮನ್ನು ಅವಳ ಕಡೆ ತಿರುಗಿಸಿ ಸಹಿಯ ಜಾಗ ತೋರಿಸಿದ.

"ಅಕ್ಕಾರ, ಇದನ್ನ ಕೊಲಿ ಅಂತ ಬರ್ಕೋತೀನಿ. ಕೊಂದವರ ಹೆಸರು ಕೇಳೂದಿಲ್ಲ, ಯಾರನ್ನೂ ಹಿಡಿಯೂದಿಲ್ಲ. ಕೋವಿ ನಿಮಗ ಉಳೀತೈತಿ." ಅವನು ಪೆನ್ನು ಚಾಚಿದ.

ಆ ದಿನ ಏಣಿ ಹಿಡಿದು ನಿಂತಿದ್ದವಳು ಪೊನ್ನವ್ವನೇ. ಕೊಲೆ ಎಂದಾದರೆ ಕೊಂದದ್ದು ಯಾರು? ತಾನೇ? ಏಣಿಯೇ? ಯಾರೂ ಕೊಲ್ಲದೆ ಒಬ್ಬ ಮನುಷ್ಯ ಕೊಲೆಯಾಗುವುದು ಹೇಗೆ? ಎಷ್ಟು ಯೋಚಿಸಿದರೂ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಅವಳು ಕೋವಿಯನ್ನು ಅವನ ಮುಂದಿಟ್ಟಳು.

"ಅವರು ಬಿದ್ದು ಸತ್ತದ್ದು ಸಾರ್. ನಾನು ಸೈನ್ ಹಾಕಲ್ಲ."