ಐದು ಬೆರಳು

"ಒಂದೇ ಬೆರಳಾ? ಸೋಮವಾರ ಆ್ಯಪ್ ರಿಲೀಸು ಇಟ್ಕೊಂಡು ಆಟ ಆಡ್ತಿದ್ದೀಯಾ, ನಿಶ್ಮಿತಾ?" ಮ್ಯಾನೇಜರ್ ಜಯರಾಜ್ ಮೇಜು ಗುದ್ದಿದ. ಕೆಲಸ ಬಿಡುಗಡೆಗೆ ಸಿದ್ಧವೆಂದು ಪೂರ್ತಿ ನಂಬಿಕೆಯಿದ್ದರೆ ಐದು ಬೆರಳು, ಇಲ್ಲದಿದ್ದರೆ ಕಡಿಮೆ ಎತ್ತುವುದು ಅಮೆರಿಕದ ಸಾಂಟಾ ಕ್ಲಾರಾದ ಆ ಸಾಫ್ಟ್‌ವೇರ್ ತಂಡದ ಪದ್ಧತಿ. ಉಳಿದವರೆಲ್ಲ ಐದೂ ಎತ್ತಿದ್ದರು.

"ನೆಟ್ ಹೋಗಿ ಬಂದ್ರೆ ನಮ್ಮ ಆ್ಯಪು, ಆಗಲೇ ತಗೊಂಡ ಇನ್ಸುಲಿನ್ನನ್ನ ಮತ್ತೆ ತಗೋ ಅನ್ನುತ್ತೆ, ಜಯರಾಜ್. ಜನ ಸಾಯ್ತಾರೆ! ಯತೀಶನೂ ನೋಡಿದ್ದಾನೆ, ಕೇಳಿ."

ಎಲ್ಲರೂ ಯತೀಶನತ್ತ ತಿರುಗಿದರು. ನಿನ್ನೆ ಅವಳ ಪಕ್ಕದಲ್ಲೇ ಕೂತು ಅವನು ಅದನ್ನು ಕಣ್ಣಾರೆ ನೋಡಿದ್ದ. ಆದರೆ ಅವನ ಗ್ರೀನ್ ಕಾರ್ಡಿನ ಕಾಗದಕ್ಕೆ ಜಯರಾಜನ ಸಹಿ ಇನ್ನೂ ಬಿದ್ದಿರಲಿಲ್ಲ. ಐದೂ ಬೆರಳು ಬಿಡಿಸಿ ಎತ್ತಿದ ಕೈಯನ್ನು ಅವನು ಇಳಿಸಲಿಲ್ಲ.

"ನಾನೇನೂ ನೋಡಿಲ್ಲ," ಎಂದ.

ನಿಶ್ಮಿತಾ ಕೊರಳಿನ ಬ್ಯಾಡ್ಜು ಕಳಚಿ ಯತೀಶನ ಮುಂದಿಟ್ಟು ಹೊರನಡೆದಳು. ಮತ್ತೆಂದೂ ಆ ಆಫೀಸಿಗೆ ಕಾಲಿಡಲಿಲ್ಲ. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಾಗ ಯತೀಶನ ಕೈ ಇನ್ನೂ ಮೇಲೇ ಇತ್ತು.